ಹಡಗಿನ ಬಲಮಗ್ಗುಲು

ಒರಿನ್ ಮಾಮ ಬರುವುದು ಮಧ್ಯಾಹ್ನದ ಊಟಕ್ಕೆ ಎಂದು ಗೊತ್ತಿದ್ದರೂ ಆರ್ಡಿತ್ ಬೆಳಗಿನಿಂದ ಒಲೆಗೂ ಕಿಟಕಿಗೂ ನಡುವೆ ಸುಮ್ಮನೆ ಓಡಾಡುತ್ತಿದ್ದಳು. ಕಿಟಕಿಯಾಚೆ ಲೂನೆನ್‌ಬರ್ಗ್ ಬಂದರು ಇರಲಿಲ್ಲ. ಮಾರ್ಚ್ ತಿಂಗಳ ಮಂಜು ಹಡಗುಕಟ್ಟೆ, ಮೀನಿನ ಕಾರ್ಖಾನೆ, ಕೆಳಗಿನ ಬೀದಿಯ ಮನೆಗಳು ಎಲ್ಲವನ್ನೂ ನುಂಗಿಕೊಂಡು ಅವರ ಬೇಲಿಯ ತನಕ ಬಂದು ನಿಂತಿತ್ತು. ಮಂಜು ಹೀಗೇ ಕವಿದಿದ್ದರೆ ಮಾಮ ಕಾರು ತೆಗೆಯಲಾರ, ಫೋನು ಮಾಡಿ ಮುಂದಿನ ಶನಿವಾರ ಬರುತ್ತೇನೆ ಅನ್ನಬಹುದು ಎಂದು ಅವಳ ಮನಸ್ಸು ಆಸೆಪಡುತ್ತಿತ್ತು. ಆಸೆಪಟ್ಟದ್ದಕ್ಕೆ ನಾಚಿಕೆಯೂ ಆಗುತ್ತಿತ್ತು. ಅಪ್ಪ ಇಡೀ ಚಳಿಗಾಲ ಕಾದದ್ದು ಈ ಶನಿವಾರಕ್ಕೆ. ಒಲೆಯೊಳಗೆ ಕಾಕಂಬಿ ಹಾಕಿದ ಬೀನ್ಸ್ ಕಾಳು ಮಣ್ಣಿನ ಪಾತ್ರೆಯಲ್ಲಿ ನಿಧಾನ ಬೇಯುತ್ತಿತ್ತು. ಊಟದ ಮೇಜಿನ ಮೇಲೆ, ಹರಡಿದ ಹಳೆಯ ಪತ್ರಿಕೆಗಳ ನಡುವೆ, ಹಡಗು ನಿಂತಿತ್ತು.

ಕ್ರಿಸ್‌ಮಸ್ ಕಳೆದಾಗಿನಿಂದ ಆ ಮೇಜು ಹಡಗಿನದೇ. ಅಪ್ಪ ಮಗಳು ಇಬ್ಬರೂ ಅಡುಗೆಕಟ್ಟೆಗೆ ಒರಗಿ ನಿಂತು, ತಟ್ಟೆ ಕೈಯಲ್ಲಿ ಹಿಡಿದು ಉಣ್ಣುವುದನ್ನು ರೂಢಿ ಮಾಡಿಕೊಂಡಿದ್ದರು. ಒಂದು ತೋಳಿನಷ್ಟು ಉದ್ದದ ಪ್ಲಾಸ್ಟಿಕ್ ಹಡಗು. ಯುದ್ಧಕಾಲದಲ್ಲಿ ಸರಕುಹಡಗುಗಳ ಸಾಲಿಗೆ ಬೆಂಗಾವಲಾಗಿ ಅಟ್ಲಾಂಟಿಕ್ ದಾಟುತ್ತಿದ್ದ ಕಾರ್ವೆಟ್ ಎಂಬ ಪುಟ್ಟ ಯುದ್ಧಹಡಗಿನ, ತುಂಡು ಜೋಡಿಸಿ ಮಾಡುವ ಮಾದರಿ. ಹ್ಯಾಲಿಫ್ಯಾಕ್ಸಿನ ಅಂಗಡಿಯವನು ಅದರ ಪೆಟ್ಟಿಗೆಯನ್ನು ಕೊಡುವಾಗ, ಇದು ಇನ್ನು ತಯಾರಾಗುವುದಿಲ್ಲ, ಸಂಗ್ರಹಕಾರರು ಪೆಟ್ಟಿಗೆ ಒಡೆಯದೆ ಹಾಗೇ ಇಟ್ಟುಕೊಳ್ಳುತ್ತಾರೆ, ಒಡೆದರೆ ಬೆಲೆ ಹೋಯಿತು ಎಂದು ಬುದ್ಧಿ ಹೇಳಿದ್ದ. ಅಪ್ಪ ಕಾರಿನಲ್ಲಿ ಕೂತವನೇ ರೊಟ್ಟಿ ಮುರಿದ ಹಾಗೆ ಪೆಟ್ಟಿಗೆಯನ್ನು ಹರಿದಿದ್ದ. ಹರಿದು, ಮಡಿಲ ತುಂಬ ಬೂದುಬಣ್ಣದ ತುಂಡುಗಳನ್ನು ಸುರುವಿಕೊಂಡು, ಒಂದೊಂದನ್ನೂ ಬೆರಳಲ್ಲಿ ಸವರಿ, "ಇದು ಹೊಗೆಕೊಳವೆ. ಇದು ತೋಪಿನ ಮರೆ. ಇದು ನಾನು ಮಲಗ್ತಾ ಇದ್ದ ಜಾಗದ ಮೇಲಿನ ತಗಡು, ಎರಡು ವರ್ಷ ಮೂಗಿನ ಮೇಲೆ ತೊಟ್ಟಿಕ್ಕಿದೆ," ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಇದ್ದ. ಆರ್ಡಿತ್ ಗಾಡಿ ಓಡಿಸುತ್ತ, ಅಪ್ಪ ಈ ಇಪ್ಪತ್ತು ವರ್ಷಗಳಲ್ಲಿ ಒಟ್ಟಿಗೆ ಇಷ್ಟು ಮಾತಾಡಿದ್ದೇ ಇಲ್ಲವಲ್ಲ ಎಂದು ಬೆರಗಾಗಿ, ಆ ಬೆರಗಿನಲ್ಲಿ ಒಂದು ತಿರುವನ್ನು ತಪ್ಪಿಸಿಕೊಂಡಿದ್ದಳು.

ಅಪ್ಪ, ಹಿಬರ್ಟ್ ನಿಕಲ್, ಈಗ ಮೇಜಿನ ಪಕ್ಕದ ಕುರ್ಚಿಯಲ್ಲಿ ಕೂತು, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದ. ಅಂದರೆ ಹಡಗನ್ನು ನೋಡುತ್ತಿದ್ದ. ಅವನ ಎರಡೂ ಕಣ್ಣುಗಳ ನಟ್ಟನಡುವೆ ಒಂದು ಮಸುಕು ಕೂತುಬಿಟ್ಟಿತ್ತು. ನೇರ ನೋಡಿದರೆ ನೋಡಿದ್ದೇ ಮಾಯ, ಮುಖ ಓರೆ ಮಾಡಿದರೆ ಅಂಚಿನಲ್ಲಿ ಅಷ್ಟಿಷ್ಟು ಉಳಿಯುತ್ತಿತ್ತು. ಆ ಅಂಚೂ ಬೇಸಿಗೆಯ ಹೊತ್ತಿಗೆ ಉಳಿಯಲಾರದು ಎಂದು ವೈದ್ಯರು ಹೇಳಿದ್ದರು. ಹೀಗಾಗಿ ಅವನಿಗೆ ಯಾವುದು ಬೇಕೋ ಅದರಿಂದ ಮುಖ ತಿರುಗಿಸುತ್ತಿದ್ದ. ಮೊದಮೊದಲು ಅವಳು ಮಾತಾಡಿದ ಕೂಡಲೇ ಅಪ್ಪ ಕಿಟಕಿಯತ್ತ ಹೊರಳಿಕೊಂಡಾಗ ಅವಳಿಗೆ ಎದೆಯೊಳಗೆ ಏನೋ ಚುಚ್ಚುತ್ತಿತ್ತು. ಅದು ತನ್ನ ಮುಖ ನೋಡುವ ಆಸೆಗೆ ಎಂದು ಬುದ್ಧಿಗೆ ತಿಳಿದ ಮೇಲೂ ಮೈಗೆ ತಿಳಿಯಲು ಬಹಳ ಕಾಲ ಹಿಡಿಯಿತು. ಶಾಲೆಯ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುತ್ತಿರುವಾಗ ಥಟ್ಟನೆ ಅವಳಿಗೆ ಮನೆಯ ಮೆಟ್ಟಿಲು ನೆನಪಾಗುತ್ತಿತ್ತು, ಒಲೆ ಹಚ್ಚುವ ಗುಂಡಿ ನೆನಪಾಗುತ್ತಿತ್ತು. ಅಪ್ಪನ ಸೊಂಟಕ್ಕೆ ತಗಲಬಹುದಾದ ಮೂಲೆಗಳನ್ನೆಲ್ಲ ಅವಳು ಒಂದೊಂದಾಗಿ ಸರಿಸಿದ್ದಳು. ಅಪ್ಪ ಅದನ್ನು ಕಂಡೂ ಕಾಣದವನಂತೆ, ಅವಳು ಸರಿಸಿದ ಸ್ಟೂಲು ಇನ್ನೂ ಅಲ್ಲೇ ಇದೆಯೆಂಬಂತೆ ಸುತ್ತು ಹಾಕಿಯೇ ನಡೆಯುತ್ತಿದ್ದ.

ಕೈಗಳೇನೋ ಅವನವೇ. ಯುದ್ಧ ಮುಗಿದ ಮೇಲೆ ಮೀನುದೋಣಿಗಳಲ್ಲಿ ಬಲೆ ಹೆಣೆದ ಕೈ. ಅಂಟು ಹಚ್ಚುವುದು, ತುಂಡು ಕೂಡಿಸುವುದು, ಕೂದಲೆಳೆಯಂಥ ಕಂಬಿಗಳನ್ನು ಕಟ್ಟುವುದು ಎಲ್ಲ ಬರೀ ಸ್ಪರ್ಶದಲ್ಲೇ ನಡೆದುಹೋಗುತ್ತಿತ್ತು. ಬಣ್ಣ ಮಾತ್ರ ಸ್ಪರ್ಶಕ್ಕೆ ಸಿಗುವುದಲ್ಲ. "ಬಣ್ಣಕ್ಕೆ ನಿನ್ನ ಕಣ್ಣಿದೆಯಲ್ಲ ಮಗಳೇ," ಎಂದು ಅವನು ಕುಂಚ ಕೊಟ್ಟ ದಿನ ಅವಳು ನಿದ್ದೆಗೆಟ್ಟಿದ್ದಳು. ತನ್ನ ಕಣ್ಣನ್ನು ಯಾರೂ ಹಾಗೆ ಕೇಳಿರಲಿಲ್ಲ. ಮೈತುಂಬ ಬಿಳಿ, ಅದರ ಮೇಲೆ ತೆಳು ನೀಲಿಯ ಮತ್ತು ತೆಳು ಹಸಿರಿನ ದೊಡ್ಡ ದೊಡ್ಡ ಪಟ್ಟೆ. ಕಡಲ ಬೆಳಕಿನಲ್ಲಿ ಹಡಗು ಕರಗಿಹೋಗಲೆಂದು ಅಂದಿನವರು ಬಳಿಯುತ್ತಿದ್ದ ಬಣ್ಣ. ಅಪ್ಪನ ಬಳಿ ಇದ್ದದ್ದು ಒಂದೇ ಫೋಟೋ: ಹಡಗುಕಟ್ಟೆಯ ಧಕ್ಕೆಗೆ ತಾಗಿ ನಿಂತ ಅವನ ಹಡಗು 'ಎಲ್ಡನ್‌ಫೀಲ್ಡ್', ಅದರ ಎಡಮಗ್ಗುಲು. ಕಡಲನ್ನೇ ಕಾಣದ ಯಾವುದೋ ಗೋಧಿಯ ಊರಿನ ಹೆಸರಿಟ್ಟ ಹಡಗು. ಆ ಊರಿನ ಹೆಂಗಸರು ಹಡಗಿನವರಿಗೆಂದು ಕೈಗವಸು ಹೆಣೆದು ಕಳಿಸುತ್ತಿದ್ದರಂತೆ, ಅದರಲ್ಲಿ ಹೆಬ್ಬೆರಳಿಗೆ ಜಾಗವೇ ಇರುತ್ತಿರಲಿಲ್ಲವಂತೆ. ಎಡಮಗ್ಗುಲನ್ನು ಆರ್ಡಿತ್ ಫೋಟೋ ನೋಡಿ ಬಳಿದಳು. ಬಲಮಗ್ಗುಲಿಗೆ ಫೋಟೋ ಇರಲಿಲ್ಲ. ಅವಳು ಒಂದು ಉಪಾಯ ಮಾಡಿದಳು. ಫೋಟೋವನ್ನು ಬಚ್ಚಲಮನೆಗೆ ಒಯ್ದು ಕನ್ನಡಿಗೆ ಹಿಡಿದಳು. ಕನ್ನಡಿಯಲ್ಲಿ ಹಡಗು ತಿರುಗಿ ನಿಂತಿತು. ಅದನ್ನು ನೋಡಿ ಪೆನ್ಸಿಲಿನಲ್ಲಿ ಗೀಚಿಕೊಂಡು, ಹಾಗೇ ಬಳಿದಳು. ಕಾಲೇಜು ಓದಿದ್ದು ಒಂದು ಸಲವಾದರೂ ಮನೆಗೆ ಉಪಯೋಗಕ್ಕೆ ಬಂತು ಎಂಬ ಸಣ್ಣ ಜಂಬವೂ ಇತ್ತು. "ಬಲಗಡೆ ಆಯ್ತಾ?" ಎಂದು ಅಪ್ಪ ಕೇಳಿದ್ದ. "ಆಯ್ತಪ್ಪ, ಎಲ್ಲಾ ಸರಿಯಾಗಿ ಬಂದಿದೆ," ಎಂದಿದ್ದಳು. ಅಪ್ಪ ತಲೆಯಾಡಿಸಿದ್ದ.

ಮೊನ್ನೆ ಗುರುವಾರ, ಯಾರದೋ ಉತ್ತರಕ್ರಿಯೆಗೆಂದು ಸ್ಯಾಂಡ್‌ವಿಚ್ ತಟ್ಟೆ ಹೊತ್ತು ಮಾಜಿ ಸೈನಿಕರ ಸಂಘದ ಹಾಲಿಗೆ ಹೋದವಳು ಕೋಟು ತೂಗುಹಾಕುವ ಗೋಡೆಯ ಮುಂದೆ ನಿಂತುಬಿಟ್ಟಳು. ಬೇರೊಂದು ಕಾರ್ವೆಟ್ಟಿನ ಎರಡು ಫೋಟೋಗಳು ಅಕ್ಕಪಕ್ಕದಲ್ಲಿದ್ದವು, ಎಡದಿಂದ ತೆಗೆದದ್ದೊಂದು, ಬಲದಿಂದ ತೆಗೆದದ್ದೊಂದು. ಎರಡೂ ಬದಿಯ ಪಟ್ಟೆಗಳು ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಇದ್ದವು. ಕೆಳಗೆ ಅಂಟಿಸಿದ ಚೀಟಿಯಲ್ಲಿ, ಶತ್ರುವಿಗೆ ಹಡಗು ಯಾವ ಕಡೆ ಹೊರಟಿದೆ ಎಂದು ತಿಳಿಯದಿರಲಿ ಎಂದೇ ಎರಡು ಬದಿಗೂ ಬೇರೆ ಬೇರೆ ಬಳಿಯುತ್ತಿದ್ದರು ಎಂದಿತ್ತು. ಸುತ್ತ ಜನ ಸತ್ತವನ ಒಳ್ಳೆಯತನವನ್ನು ಮೆಲ್ಲಗೆ ಮಾತಾಡಿಕೊಳ್ಳುತ್ತಿದ್ದರು. ಅವಳಿಗೆ ತನ್ನ ಬಚ್ಚಲಮನೆಯ ಕನ್ನಡಿ ಎಲ್ಲರ ಮುಂದೆ ಬಟ್ಟೆಯಿಲ್ಲದೆ ನಿಂತಂತೆ ಅನ್ನಿಸಿತು. ಅಪ್ಪ ತನ್ನ ಕಣ್ಣಿನಿಂದ ಕಟ್ಟಕಡೆಗೆ ನೋಡುವ ಹಡಗಿನ ಒಂದು ಬದಿ ಪೂರ್ತಿ ಸುಳ್ಳು. ಮನೆಗೆ ಬಂದು ಹೇಳಬೇಕೆಂದು ಬಾಯಿ ತೆರೆದಾಗ ಅಪ್ಪ ತೋಪಿನ ಮರೆಗೆ ಅಂಟು ಹಚ್ಚುತ್ತ, "ಒರಿನ್ ಬಂದು ನೋಡ್ಲಿ. ನನ್ನ ಮಗಳು ಬಳಿದದ್ದು ಅಂತೀನಿ. ಹೊಟ್ಟೆ ಉರ್ಕೊಂಡು ಸಾಯ್ಲಿ," ಎಂದ. ಅವಳು ಬಾಯಿ ಮುಚ್ಚಿ ಕೋಟು ಬಿಚ್ಚಿದಳು. ಶುಕ್ರವಾರವೂ ಹಾಗೇ ಕಳೆಯಿತು.

ಮಂಜಿನೊಳಗಿಂದ ಕಾರಿನ ಹಾರನ್ ಕೇಳಿಸಿತು. ಒರಿನ್ ಟ್ಯಾನರ್ ಯಾವ ಮಂಜಿಗೂ ಜಗ್ಗುವವನಲ್ಲ ಎಂದು ಅವಳಿಗೆ ಮೊದಲೇ ಗೊತ್ತಿರಬೇಕಿತ್ತು. ಅಪ್ಪನ ಜೊತೆ ಅದೇ ಹಡಗಿನಲ್ಲಿ ಇದ್ದವನು, ಈಗ ಮಹೋನ್ ಬೇ ಎಂಬ ಊರಿನಲ್ಲಿ ಮಗನ ಮನೆಯ ಪಕ್ಕದಲ್ಲಿ ದೋಣಿ ರಿಪೇರಿ ಮಾಡಿಕೊಂಡಿದ್ದವನು. ಬಾಗಿಲು ತೆರೆದರೆ ಮೊದಲು ಒಳಗೆ ಬಂದದ್ದು ಒಂದು ಗಾಜಿನ ಭರಣಿ.

"ತಗೋ ಪುಟ್ಟಿ. ಹೆರಿಂಗ್ ಮೀನಿನ ಉಪ್ಪಿನಕಾಯಿ, ನಾನೇ ಹಾಕಿದ್ದು. ನಿಮ್ಮಪ್ಪಂಗೆ ಜಾಸ್ತಿ ಕೊಡಬೇಡ, ಈರುಳ್ಳಿ ಎಲ್ಲಾ ಆರಿಸ್ಕೊಂಡು ತಿಂತಾನೆ."

"ಬಾ ಮಾಮ. ದಾರೀಲಿ ಏನಾದ್ರೂ ಕಾಣಿಸ್ತಾ?"

"ಏನೂ ಇಲ್ಲ. ವಾಸನೆ ಹಿಡ್ಕೊಂಡೇ ಬಂದೆ. ಎಲ್ಲಿ ನಮ್ಮ ಕುರುಡು ಕ್ಯಾಪ್ಟನ್?"

"ಇಲ್ಲೇ ಇದೀನಿ," ಎಂದ ಅಪ್ಪ ಒಳಗಿಂದ, ಮುಖವನ್ನು ಕಿಟಕಿಯ ಕಡೆ ಹೊರಳಿಸಿ. "ನೀನು ಇನ್ನೂ ದಪ್ಪ ಆಗಿದೀಯ. ಅಷ್ಟು ಕಾಣ್ಸುತ್ತೆ."

ಇಬ್ಬರೂ ನಕ್ಕರು. ಒರಿನ್ ಅವನ ಹೆಗಲಿಗೆ ಗುದ್ದಿ, ಟೋಪಿ ತೆಗೆದು, ಆಮೇಲೆ ಮೇಜನ್ನು ನೋಡಿದ. ನೋಡುತ್ತ ಬಗ್ಗಿದ. ಅವನು ನಿಂತದ್ದು ಎಡಮಗ್ಗುಲಿನ ಕಡೆ. ಆರ್ಡಿತ್ ಕೈಯಲ್ಲಿ ಭರಣಿ ಹಿಡಿದು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದಳು.

"ದೇವರೇ," ಎಂದ ಒರಿನ್ ಮೆಲ್ಲಗೆ. "ಹಿಬ್, ಆ ಏಣಿ. ನಾನು ಬಿದ್ದು ಹಲ್ಲು ಮುರ್ಕೊಂಡ ಏಣಿ."

"ಮುಟ್ಟು. ಬಣ್ಣ ಒಣಗಿದೆ. ಇದನ್ನೆಲ್ಲಾ ಬಳಿದದ್ದು ಇವಳು."

"ಇವಳಾ?" ಒರಿನ್ ಅವಳನ್ನು ನೋಡಿದ ರೀತಿಯಲ್ಲಿ ಎಷ್ಟು ಮೆಚ್ಚುಗೆಯಿತ್ತೆಂದರೆ ಅವಳು ತಟ್ಟನೆ ಒಲೆಯ ಕಡೆ ತಿರುಗಿ, ಬೆಂದಿರದ ಕಾಳನ್ನು ಬೆಂದಿದೆಯೇ ಎಂದು ನೋಡತೊಡಗಿದಳು. ಬೆನ್ನಿನಿಂದಲೇ ಅವಳು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಅವನ ಬೂಟಿನ ಸದ್ದು ಹಡಗಿನ ಮೂತಿಯ ಕಡೆಯಿಂದ ಸುತ್ತಿಕೊಂಡು ಬಲಮಗ್ಗುಲಿಗೆ ಬಂತು. ನಿಂತಿತು. ಅವಳಿಗೆ ಥಟ್ಟನೆ ಚಿಕ್ಕಂದಿನ, ಲೂಥರನ್ ಚರ್ಚಿನ ಮಕ್ಕಳ ಭಾನುವಾರ ಕಣ್ಣಿಗೆ ಕಟ್ಟಿತು. ಬಿಳಿ ಕಾಲುಚೀಲ ಹಾಕಿ ಎಲ್ಲರೆದುರು ನಿಂತು ಕೀರ್ತನೆಯ ಸಾಲುಗಳನ್ನು ಒಪ್ಪಿಸುತ್ತ ನಡುವೆ ಮರೆತು, ಬಾಯಿ ತೆರೆದು, ಎದುರಿನ ಬೆಂಚುಗಳನ್ನು ನೋಡುತ್ತಿದ್ದಾಗ, ಅಪ್ಪ ತಾನು ಕೂತಲ್ಲಿಂದಲೇ ದೋಣಿಯಿಂದ ದೋಣಿಗೆ ಕೂಗುವ ದನಿಯಲ್ಲಿ ಮುಂದಿನ ಸಾಲನ್ನು ಹೇಳಿಬಿಟ್ಟಿದ್ದ. ಇಡೀ ಚರ್ಚು ನಕ್ಕಿತ್ತು. ಅಮ್ಮ ಅವನ ತೊಡೆಗೆ ಹೊಡೆದಿದ್ದಳು. ಆರ್ಡಿತ್ ಉಳಿದದ್ದನ್ನು ಅಳುತ್ತ ಮುಗಿಸಿ ಬಂದಾಗ ಅಪ್ಪ, "ಯಾರಿಗೂ ಗೊತ್ತಾಗ್ಲಿಲ್ಲ," ಎಂದು ಕಿವಿಯಲ್ಲಿ ಹೇಳಿದ್ದ. ಅವನಿಗೆ ನಿಜವಾಗಿ ಹಾಗೆ ಅನ್ನಿಸಿತ್ತು. ಪ್ರೀತಿ ಇಷ್ಟು ಗಟ್ಟಿಯಾಗಿ ಕೂಗಬಾರದು ಎಂದು ಅವಳು ಅಂದಿನಿಂದ ಅಂದುಕೊಂಡಿದ್ದಳು. ಆಮೇಲೆ ಅವನು ವರ್ಷಗಟ್ಟಲೆ ಮಾತೇ ಆಡದವನಂತಾದಾಗ, ಅವಳಿಗೆ ಆ ಕೂಗೇ ಬೇಕೆನ್ನಿಸುತ್ತಿತ್ತು.

"ಹಿಬ್," ಎಂದ ಒರಿನ್. "ಈ ಬಲಗಡೆ..."

"ಏನು ಬಲಗಡೆ?"

"ಅಲ್ಲ, ಈ ಪಟ್ಟೆ ಇಲ್ಲಿ..."

"ಆ ಬದಿ ಯಾವಾಗ್ಲೂ ಧಕ್ಕೆಗೆ ತಾಗಿಯೇ ಇರ್ತಿತ್ತಲ್ಲ," ಎಂದ ಅಪ್ಪ, ಗೋಡೆಯನ್ನು ನೋಡುತ್ತ. ಅವನ ದನಿ ತೀರಾ ಸಹಜವಾಗಿತ್ತು. "ಯಾರು ನೋಡಿದಾರೆ ಅದನ್ನ. ಊಟಕ್ಕೆ ಕೂತ್ಕೋ."

ಒರಿನ್ ಒಂದು ಗಳಿಗೆ ಅಪ್ಪನನ್ನು, ಒಂದು ಗಳಿಗೆ ಅವಳ ಬೆನ್ನನ್ನು ನೋಡಿರಬೇಕು. "ಹೌದೌದು," ಎಂದ. "ಧಕ್ಕೆಗೇ ಇರ್ತಿತ್ತು. ನಾನೇ ಮರೆತಿದ್ದೆ. ತುಂಬಾ ಚೆನ್ನಾಗಿದೆ ಪುಟ್ಟಿ."

ಅವಳು ಒಲೆಯ ಬಾಗಿಲು ಮುಚ್ಚಿದಳು. ಬಿಸಿ ಪಾತ್ರೆ ಹಿಡಿಯುವ ಬಟ್ಟೆ ಕೈಯಲ್ಲೇ ಇತ್ತು. ಹಾಗಾದರೆ ಅಪ್ಪನಿಗೆ ಗೊತ್ತು. ಗೊತ್ತಿದ್ದೂ ಅವನು ಆ ಮಸುಕಿನೊಳಗೆ ಸುಳ್ಳು ಬದಿಯೊಂದನ್ನು ತಿಂಗಳುಗಟ್ಟಲೆ ಇಟ್ಟುಕೊಂಡಿದ್ದಾನೆ. ಅವಳು ಅವನಿಗಾಗಿ ಸ್ಟೂಲು ಸರಿಸಿದ ಹಾಗೆಯೇ, ಅವಳು ಎಡವದಿರಲೆಂದು ಅವನೂ ದಾರಿಯಿಂದ ಎಲ್ಲವನ್ನೂ ಸರಿಸಿದ್ದಾನೆ. ಅವಳಿಗೆ ಸಿಟ್ಟು ಬಂತು. ಆ ಸಿಟ್ಟು ಅವನ ಮೇಲೋ ತನ್ನ ಮೇಲೋ ಎಂದು ವಿಂಗಡಿಸುವ ಮೊದಲೇ ಮಾತು ಹೊರಬಿತ್ತು.

"ಅಪ್ಪ, ನಿಂಗೆ ಯಾವಾಗ ಗೊತ್ತಾಯ್ತು?"

ಹಿಬರ್ಟ್ ಮುಖವನ್ನು ಕಿಟಕಿಯತ್ತ ಹೊರಳಿಸಿದ. "ನೀನು ಫೋಟೋ ತಗೊಂಡು ಬಚ್ಚಲಿಗೆ ಹೋದ್ಯಲ್ಲ, ಆವಾಗ್ಲೇ."

ಒರಿನ್‌ಗೆ ನಗು ತಡೆಯಲಾಗಲಿಲ್ಲ. "ಬಚ್ಚಲಿಗಾ?"

"ಕನ್ನಡಿಗೆ ಹಿಡಿದು ನೋಡಿದಳು ಕಣೋ. ಬುದ್ಧಿ ಇರೋಳು. ನಮಗೆ ಹೊಳೀತಿತ್ತಾ ಅದು?"

"ಮತ್ತೆ ಯಾಕೆ ಹೇಳ್ಲಿಲ್ಲ?" ಎಂದಳು ಆರ್ಡಿತ್. ತನ್ನ ದನಿ ಗ್ರಂಥಾಲಯದಲ್ಲಿ ಮಕ್ಕಳನ್ನು ಗದರುವ ದನಿಯಾಗಿರುವುದು ಅವಳಿಗೇ ಕೇಳಿಸಿತು. "ಒಂದು ಮಾತು ಹೇಳಿದ್ರೆ ಆಗ್ತಿತ್ತು. ನಾನು ಆಯ್ತು ಅಂದೆ, ಎಲ್ಲಾ ಸರಿ ಅಂದೆ, ನೀನು ತಲೆ ಆಡಿಸ್ದೆ."

"ನೀನು ಹಾಡ್ಕೋತಾ ಇದ್ದೆ."

"ಏನು?"

"ಬಣ್ಣ ಬಳೀತಾ ಗುನುಗ್ತಾ ಇದ್ದೆ. ನಿಂಗೆ ಗೊತ್ತಾಗೋದಿಲ್ಲ. ನಿಮ್ಮಮ್ಮ ಹೋದ ಮೇಲೆ ಈ ಮನೇಲಿ ಯಾರೂ ಗುನುಗಿರ್ಲಿಲ್ಲ. ನಾನು ಬಾಯಿ ಬಿಟ್ಟಿದ್ರೆ ನೀನು ನಿಲ್ಲಿಸಿಬಿಡ್ತಿದ್ದೆ." ಅಪ್ಪ ಮುಖವನ್ನು ಅವಳಿಂದ ಇನ್ನಷ್ಟು ಆಚೆ ತಿರುಗಿಸಿದ. "ಹಡಗಿಗೇನು, ಒಂದು ಬದಿ ಇದ್ರೂ ಹಡಗೇ."

ಅದು ನಿಜವಲ್ಲ ಎಂದು ಮೂವರಿಗೂ ಗೊತ್ತಿತ್ತು. ಒಂದು ಮಧ್ಯಾಹ್ನ ಅವಳು ಶಾಲೆಯಿಂದ ಬೇಗ ಬಂದಾಗ ಅಪ್ಪ ಮೇಜಿನ ಬಲಬದಿಗೆ ಬಗ್ಗಿ, ಮುಖವನ್ನು ಹಾಗೆ ಹೀಗೆ ಓರೆ ಮಾಡುತ್ತ, ಕಳೆದುಹೋದ ಏನನ್ನೋ ಹುಡುಕುವವನಂತೆ ಹಡಗನ್ನು ನೋಡುತ್ತಿದ್ದದ್ದು ಅವಳಿಗೆ ಈಗ ಅರ್ಥವಾಯಿತು. ಅಂದು ಅವನು ದಣಿದಿದ್ದಾನೆ ಎಂದುಕೊಂಡು ಅವಳು ಚಹಾ ಮಾಡಿಕೊಟ್ಟಿದ್ದಳು. ಅವನು ಕುಡಿದಿದ್ದ.

ಅವಳು ಸಿಂಕಿನ ಕೆಳಗಿನಿಂದ ಟರ್ಪೆಂಟೈನ್ ಬಾಟಲಿ ತೆಗೆದಳು. ಹಳೆಯ ಬನಿಯನಿನ ತುಂಡನ್ನು ಅದರಲ್ಲಿ ತೋಯಿಸಿ ಮೇಜಿಗೆ ಬಂದು, ಯೋಚನೆ ಬರುವುದಕ್ಕೆ ಬಿಡದೆ, ಹಡಗಿನ ಬಲಮಗ್ಗುಲಿಗೆ ಒತ್ತಿ ಉಜ್ಜಿದಳು. ನೀಲಿ ಹಸಿರಿಗೆ ಕಲಸಿತು, ಹಸಿರು ಬಿಳಿಗೆ ಕಲಸಿತು, ಇಡೀ ಚಳಿಗಾಲ ಬಟ್ಟೆಗೆ ಬಂತು. ಒರಿನ್ ಕುರ್ಚಿಯಿಂದ ಅರ್ಧ ಎದ್ದ. "ಹುಚ್ಚಿ, ಏನ್ ಮಾಡ್ತಾ ಇದೀಯ? ಹಿಬ್, ಇವಳು ಅಳಿಸ್ತಾ ಇದಾಳೆ ಕಣೋ."

"ವಾಸನೆ ಬಂತು," ಎಂದ ಅಪ್ಪ. ಅವನು ಕದಲಲಿಲ್ಲ.

ಉಜ್ಜಿದಷ್ಟೂ ಹಡಗು ಅಂಗಡಿಯಿಂದ ಬಂದ ಬೂದುಬಣ್ಣಕ್ಕೆ ಮರಳುತ್ತಿತ್ತು. ಬೇಸಿಗೆಯೊಳಗೆ ಆಗದೆ ಹೋದರೆ ಅನ್ನುವ ಭಯ ಹುಟ್ಟಿತು. ಬಟ್ಟೆಯನ್ನು ಕೆಳಗಿಟ್ಟು, ಬಿಳಿ ಬಣ್ಣದ ಡಬ್ಬಿ ತೆರೆದು, ಅಗಲ ಕುಂಚದಿಂದ ಬದಿಗೆಲ್ಲ ತೆಳುವಾಗಿ ಒಂದು ಕೈ ಬಳಿದಳು; ಒಲೆಯ ಮುಂದಿಟ್ಟು ಆರಿಸಿದಳು. ಮೂವರೂ ನಿಂತುಕೊಂಡೇ ಬೀನ್ಸ್ ಕಾಳು ಉಂಡರು. ಅಪ್ಪ ಭರಣಿಯಿಂದ ಈರುಳ್ಳಿಯನ್ನೆಲ್ಲ ಆರಿಸಿಕೊಂಡು ತಿಂದ. ತಟ್ಟೆ ತೊಳೆದು ಬಂದ ಆರ್ಡಿತ್ ಹಡಗನ್ನು ಮತ್ತೆ ಮೇಜಿಗೆ ತಂದಿಟ್ಟು, ಚಿಕ್ಕ ಕುಂಚ ಹಿಡಿದು ಕೂತು, "ಹೇಳಪ್ಪ," ಎಂದಳು. "ನಂಗೆ ಏನೂ ಗೊತ್ತಿಲ್ಲ. ನೀನೇ ಹೇಳು."

ಹಿಬರ್ಟ್ ಈಗ ಹಡಗಿನ ಕಡೆಗೂ ನೋಡಲಿಲ್ಲ, ಗೋಡೆಯ ಕಡೆಗೂ ನೋಡಲಿಲ್ಲ. ಕಣ್ಣು ಮುಚ್ಚಿದ. "ಮೂತಿಯಿಂದ ಶುರು ಮಾಡು. ನೀಲಿ. ಲಂಗರಿನ ತೂತಿದೆಯಲ್ಲ, ಅದರ ಕೆಳಗಿಂದ ಹಿಂದಕ್ಕೆ ಓರೆಯಾಗಿ. ಹಸು ಮಲಗಿದ್ರೆ ಬೆನ್ನು ಹೆಂಗಿರುತ್ತೆ, ಹಂಗೆ."

"ಹಸು ಅಲ್ಲ, ಕುದುರೆ," ಎಂದ ಒರಿನ್.

"ನೀನು ಆವತ್ತು ಪೇಂಟು ಬಳೀಲೇ ಇಲ್ಲ. ಆಲೂಗಡ್ಡೆ ಸುಲೀತಾ ಕೂತಿದ್ದೆ."

"ಸುಲೀತಾ ನೋಡ್ತಾ ಇದ್ದೆನಲ್ಲ. ಸೇಂಟ್ ಜಾನ್ಸ್‌ನಲ್ಲಿ, ಪೇಂಟು ಬಳಿಯೋಕೇ ಅಂತ ಹಡಗು ತಿರುಗಿಸಿ ಕಟ್ಟಿದ್ರು ಪುಟ್ಟಿ. ನಿಮ್ಮಪ್ಪನ್ನ, ಲಿಯೋ ಗಾಲಾಂಟನ್ನ, ಇಬ್ಬರನ್ನೂ ಒಂದೇ ಹಲಗೆ ಮೇಲೆ ಕೂರಿಸಿ ಬದಿಗೆ ಇಳಿಬಿಟ್ರು. ಅಧಿಕಾರಿ ಕೈಯಲ್ಲಿ ನಕ್ಷೆ ಇತ್ತು. ಇವರು ಅದನ್ನ ನೋಡಿದ್ರೆ ತಾನೇ."

"ನೋಡಿದ್ವಿ. ಗಾಳಿಗೆ ಹಾರಿಹೋಯ್ತು."

"ಲಿಯೋ ಹಾರಿಸ್ದ."

ಅಪ್ಪ ನಕ್ಕ. ಕಣ್ಣು ಮುಚ್ಚಿಯೇ ನಕ್ಕ. ಆ ನಗುವಿನಲ್ಲಿ ಅವಳು ಕಂಡರಿಯದ ಒಬ್ಬ ಹುಡುಗನಿದ್ದ. ಹಲಗೆಯ ಮೇಲೆ ಕಾಲು ಇಳಿಬಿಟ್ಟು, ಕೆಳಗಿನ ತಣ್ಣೀರಿಗೂ ಆಚೆಗಿನ ಕಡಲಿಗೂ ಹೆದರದೆ, ಪಕ್ಕದವನ ಕಿವಿಗೆ ಹಸಿರು ಬಣ್ಣ ಬಳಿಯುತ್ತಿದ್ದ. "ಲಿಯೋ ಅನ್ನೋನು ಆಮೇಲೆ..." ಎಂದು ಅವಳು ಕೇಳಹೊರಟಳು. ಒರಿನ್ ತನ್ನ ಟೋಪಿಯ ಅಂಚನ್ನು ಸರಿಮಾಡುವುದರಲ್ಲಿ ತೊಡಗಿದ್ದ. ಅವಳು ಕೇಳುವುದನ್ನು ಬಿಟ್ಟು ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿದಳು.

"ಅಲ್ಲಿಂದ ಇಳಿಸು. ಇನ್ನೂ ಇಳಿಸು. ಕ್ಯಾಪ್ಟನ್ ನಿಲ್ಲೋ ಮೇಲುಕಟ್ಟೆಯ ಕೆಳಗೆ ಬಿಳಿಯಾಗೇ ಬಿಡು. ಅಲ್ಲಿ ಲಿಯೋ ಸಿಗರೇಟು ಹಚ್ಚಿದ."

"ಅದು ಕಾರಣನಾ?" ಎಂದಳು ಆರ್ಡಿತ್.

"ಅದೇ ಕಾರಣ."

ಅವಳು ಬಿಳಿಯಾಗೇ ಬಿಟ್ಟಳು. ಫೋಟೋ ಮೇಜಿನ ತುದಿಯಲ್ಲೇ ಇತ್ತು, ಆದರೆ ಅದು ಈ ಬದಿಗೆ ಏನನ್ನೂ ಹೇಳಲಾರದು; ಗ್ರಂಥಾಲಯದ ಯಾವ ಪುಸ್ತಕವೂ ಹೇಳಲಾರದು. ಅಪ್ಪ ನೆನಪಿನಿಂದ ಹೇಳುತ್ತಿದ್ದಾನೋ, ನೆನಪು ಮುಗಿದ ಕಡೆ ಕಟ್ಟುತ್ತಿದ್ದಾನೋ, ತಿಳಿಯುವ ದಾರಿ ಇರಲಿಲ್ಲ. ದಾರಿಯಿಲ್ಲದ ಕಡೆ ಅವಳು ಎಂದೂ ಕಾಲಿಟ್ಟವಳಲ್ಲ. ಎರಡು ಸಲ ನೋಡದೆ ಬೀಗ ಹಾಕಿದವಳಲ್ಲ, ಹಾಕಿದ ಮೇಲೆ ಎಳೆದು ನೋಡದೆ ಹೊರಟವಳಲ್ಲ. ಈಗ ಕುಂಚ ತಾನಾಗಿ ಅಪ್ಪನ ದನಿಯ ಹಿಂದೆ ಹೋಗುತ್ತಿತ್ತು. ಕಿಟಕಿಯಾಚೆ ಮಂಜು ಹಾಗೇ ಇತ್ತು. ಹೊಗೆಕೊಳವೆಯ ಕೆಳಗೆ ಬಂದಾಗ ಅಪ್ಪ ಸ್ವಲ್ಪ ತಡೆದ.

"ಇಲ್ಲಿ ಹಸಿರು. ದೊಡ್ಡದು. ಹಿಂದಿನ ತನಕ."

"ಸುಳ್ಳು ಹೇಳ್ತಾ ಇದಾನೆ," ಎಂದ ಒರಿನ್. "ಅಲ್ಲಿಗೆ ಬರೋ ಹೊತ್ತಿಗೆ ಹಸಿರು ಮುಗಿದಿತ್ತು. ಎಂಜಿನ್ ಕೋಣೆಯಿಂದ ಬೂದುಬಣ್ಣ ತಂದು ಬಳಿದ್ರು. ನಾನು ಕಣ್ಣಾರೆ ಕಂಡಿದೀನಿ ಪುಟ್ಟಿ."

"ಒಂದು ಕೈ ಬಳಿಯೋಷ್ಟು ಉಳಿದಿತ್ತು," ಎಂದ ಅಪ್ಪ. "ಲಿಯೋ ಡಬ್ಬಿ ತಳ ಕೆರೆದು ಕೊಟ್ಟ."

"ಇರ್ಲಿಲ್ಲ ಹಿಬ್."

"ಇತ್ತು."

ಇಬ್ಬರೂ ಅವಳ ಕಡೆ ತಿರುಗಿದರು. ಒರಿನ್ ನೇರವಾಗಿ ನೋಡಿದ. ಅಪ್ಪ ಕಣ್ಣು ತೆರೆದು, ಮುಖವನ್ನು ಅವಳಿಂದ ಮೆಲ್ಲಗೆ ಆಚೆಗೆ ಹೊರಳಿಸಿದ. ಆರ್ಡಿತ್ ಕುಂಚವನ್ನು ಹಸಿರಿಗೆ ಅದ್ದಿದಳು.